ಬೇರು, ಶಿಲೀಂಧ್ರ ಮತ್ತು ಹಿಂದಿನ ಬೆಂಚಿನ ಪ್ರಶ್ನೆ
ಏಳನೇ ತರಗತಿಯ ‘ಸಸ್ಯಗಳಲ್ಲಿ ಪೋಷಣೆ’ ಪಾಠದಲ್ಲಿ ಮರದ ಬೇರಿನಲ್ಲಿ ವಾಸಿಸುವ ಶಿಲೀಂಧ್ರದ ಮಾತು ಎರಡು ಮೂರು ವಾಕ್ಯಗಳಲ್ಲೇ ಮುಗಿಯುತ್ತದೆ. ಬೋಧನಾಭ್ಯಾಸದಲ್ಲಿ ಅದನ್ನು ಸ್ವಾರಸ್ಯವಾಗಿಸಲು ಹೋಗಿ, “ಕಾಡಿನಲ್ಲಿ ತಾಯಿಮರ ಶಿಲೀಂಧ್ರದ ಎಳೆಗಳ ಮೂಲಕ ತನ್ನ ಮರಿಗಳಿಗೆ ಊಟ ಕಳಿಸುತ್ತದೆ” ಎಂದುಬಿಟ್ಟೆ. ಮಕ್ಕಳು ಕಣ್ಣರಳಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, “ಮಣ್ಣೊಳಗೆ ನಡೆಯೋದು ಹೇಗೆ ಗೊತ್ತಾಯ್ತು ಮಿಸ್?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ಸಂಜೆ ಓದಿದಾಗ ತಿಳಿದದ್ದು: ಸಹಜೀವನದ ಬಗ್ಗೆ ಅನುಮಾನವೇನಿಲ್ಲ. ರಂಜಕ ಮಣ್ಣಿನಲ್ಲಿ ಸುಲಭವಾಗಿ ಚಲಿಸುವುದಿಲ್ಲ. ಬೇರು ಹೀರಿದಷ್ಟೂ ಅದರ ಸುತ್ತಲಿನ ಮಣ್ಣು ಬರಿದಾಗುತ್ತದೆ. ಬೇರುರೋಮಕ್ಕಿಂತ ತೆಳುವಾದ ಶಿಲೀಂಧ್ರದ ಎಳೆಗಳು ಆ ಬರಿದಾದ ಜಾಗ ದಾಟಿ ಹೋಗಿ ರಂಜಕ ತರುತ್ತವೆ. ಬದಲಿಗೆ ಮರ ಸಕ್ಕರೆ ಕೊಡುತ್ತದೆ. 1885ರಲ್ಲಿ ಜರ್ಮನಿಯ ಎ.ಬಿ. ಫ್ರಾಂಕ್ ಇದನ್ನು ಮೈಕೋರೈಜಾ ಎಂದು ಕರೆದರು. ಗ್ರೀಕ್ ಮೂಲದಲ್ಲಿ ‘ಶಿಲೀಂಧ್ರ-ಬೇರು’ ಎಂದೇ ಅರ್ಥ. ನಮ್ಮ ಪಶ್ಚಿಮ ಘಟ್ಟದ ಸಾಲುಧೂಪದ ಮರದಲ್ಲಿ ಶಿಲೀಂಧ್ರವು ಬೇರಿನ ತುದಿಗೆ ಹೊರಗಿನಿಂದ ಕವಚದಂತೆ ಸುತ್ತಿಕೊಳ್ಳುತ್ತದೆ. ಮಾವಿನಲ್ಲಾದರೋ ಬೇರಿನ ಜೀವಕೋಶದೊಳಗೇ ಹೊಕ್ಕು ಪುಟ್ಟ ಮರದಂತೆ ಕವಲೊಡೆಯುತ್ತದೆ.

ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಪ್ರಯೋಗವೊಂದರಲ್ಲಿ. ಸುಝೇನ್ ಸಿಮಾರ್ಡ್ ಮತ್ತು ಸಂಗಡಿಗರು ಅದನ್ನು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಬಗೆಯ ಶಿಲೀಂಧ್ರಗಳನ್ನು ಹಂಚಿಕೊಳ್ಳುವ ಬರ್ಚ್ ಮತ್ತು ಡಗ್ಲಾಸ್ ಫರ್ ಸಸಿಗಳಿಗೆ ಚೀಲ ಮುಚ್ಚಿ, ಒಂದಕ್ಕೆ ಕಾರ್ಬನ್-14, ಇನ್ನೊಂದಕ್ಕೆ ಕಾರ್ಬನ್-13 ಇರುವ ಕಾರ್ಬನ್ ಡೈಆಕ್ಸೈಡ್ ಉಣಿಸಿದರು. ಯಾವುದರ ಕಾರ್ಬನ್ ಎತ್ತ ಹೋಯಿತೆಂದು ಗುರುತಿಸಲು ಇದು ಉಪಾಯ. ಒಟ್ಟು ಲೆಕ್ಕದಲ್ಲಿ ಫರ್‌ಗೆ ಲಾಭವಾಗಿತ್ತು. ನೆರಳಿನಲ್ಲಿದ್ದ ಫರ್‌ಗೆ ಇನ್ನೂ ಹೆಚ್ಚು.

ಪಕ್ಕದಲ್ಲೇ ಒಂದು ಕೆಂಪು ಸೀಡರ್ ಸಸಿಯೂ ಇತ್ತು. ಅದರ ಬೇರಿನ ಶಿಲೀಂಧ್ರದ ಬಗೆಯೇ ಬೇರೆ, ಮಾವಿನದರಂತೆ. ಹಾಗಾಗಿ ಆ ಎಳೆಗಳ ಜಾಲಕ್ಕೆ ಅದು ಸೇರುವಂತಿಲ್ಲ. ಆದರೂ ಅದಕ್ಕೂ ತುಸು ಕಾರ್ಬನ್ ತಲುಪಿತ್ತು! ಅಂದರೆ ಮಣ್ಣಿನ ಮೂಲಕವೂ ಕಾರ್ಬನ್ ಸಾಗಬಹುದು. ನನಗಂತೂ ಇಡೀ ಪ್ರಯೋಗದ ಜೀವಾಳ ಈ ಸೀಡರೇ ಅನಿಸಿತು.

ಆದರೆ ‘ತಾಯಿಮರ’? 2023ರಲ್ಲಿ ಮೂವರು ವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ದೊಡ್ಡ ಮರಗಳು ತಮ್ಮ ಮರಿಗಳನ್ನೇ ಆರಿಸಿ ಪೋಷಿಸುತ್ತವೆ ಎನ್ನಲು ಕಾಡಿನಲ್ಲಿ ಪುರಾವೆ ಸಿಕ್ಕಿಲ್ಲ ಎಂದರು. ಅವರಲ್ಲೊಬ್ಬರಾದ ಮೆಲನಿ ಜೋನ್ಸ್ 1997ರ ಪ್ರಯೋಗದಲ್ಲೂ ಇದ್ದವರು.

ಮರುದಿನ ತರಗತಿಯಲ್ಲಿ, ನಿನ್ನೆ ಹೇಳಿದ್ದು ಅತಿಯಾಯಿತು ಎಂದು ಒಪ್ಪಿಕೊಂಡೆ. ಹಲಗೆಯ ಮೇಲೆ ಮೂರು ಸಸಿ ಬರೆದು, “ಸೀಡರನ್ನು ಯಾಕೆ ನೆಟ್ಟರು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಅದೇ ಹುಡುಗಿ, “ಹೋಲಿಸಿ ನೋಡೋಕೆ ಮಿಸ್” ಎಂದಳು.