ಬಯಲು ಉಳಿದರೆ ಬಡಾವಣೆ

ಹಾಂಗ್‌ಕಾಂಗ್‌ನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಕೌಲೂನ್ ಟಾಂಗ್ ಬಡಾವಣೆಯಲ್ಲಿ ಅಡ್ಡಾಡಿದೆ. ಗಗನಚುಂಬಿ ಕಟ್ಟಡಗಳ ಆ ಮಹಾನಗರದ ನಡುವೆ ತಗ್ಗು ಮನೆಗಳು, ಕೈತೋಟಗಳು, ಹಕ್ಕಿಗಳ ದನಿ. 1922ರಲ್ಲಿ ಆರಂಭವಾದ ಉದ್ಯಾನ ಬಡಾವಣೆ ಯೋಜನೆಯ ಫಲವಿದು. ಸಮೀಪದ ಕೈ ಟಾಕ್ ವಿಮಾನ ನಿಲ್ದಾಣ 1998ರಲ್ಲಿ ಮುಚ್ಚುವವರೆಗೆ ಸುತ್ತಲಿನ ಕಟ್ಟಡಗಳ ಎತ್ತರಕ್ಕೂ ಮಿತಿಯಿತ್ತು.

ಇಂಥ ಬಡಾವಣೆ ನಮಗೆ ಅಪರಿಚಿತವೇನಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ ಪ್ಲೇಗು 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಆ ಬಳಿಕವೇ ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಅಗಲವಾದ ರಸ್ತೆ, ಗಾಳಿ, ಬೆಳಕುಗಳ ಬೆಲೆಯನ್ನು ಸಾವು ಕಲಿಸಿತ್ತು.

ಇಂದು ಚಾಮರಾಜನಗರ, ಗುಂಡ್ಲುಪೇಟೆಗಳ ಅಂಚಿನ ಹೊಲಗಳು ನಿವೇಶನಗಳಾಗುತ್ತಿವೆ. ನಾನು ವಾಸಿಸುವ ಬಡಾವಣೆಯ ಉದ್ಯಾನವಾದರೋ ನಕ್ಷೆಯಲ್ಲಷ್ಟೇ ಇದೆ. ಸೇವೆಯಲ್ಲಿದ್ದಾಗ ಇಂಥ ನಕ್ಷೆಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆಮೇಲೆ ಸ್ಥಳಕ್ಕೆ ಹೋಗಿ ನೋಡಲಿಲ್ಲವೆಂಬ ಅಳುಕು ಈಗಲೂ ಕಾಡುತ್ತದೆ.

ಭೂಮಿಯ ಬೆಲೆ ಏರಿದ ಮೇಲೆ ಬಯಲನ್ನು ಬಿಡಿಸಿಕೊಳ್ಳುವುದು ಯಾವ ಪುರಸಭೆಗೂ ಸುಲಭವಲ್ಲ. ನಿವೇಶನಗಳು ಮಾರಾಟವಾಗುವ ಮೊದಲೇ ಉದ್ಯಾನಕ್ಕೆ ಬೇಲಿ ಬೀಳಬೇಕು, ಗಿಡ ನೆಡಬೇಕು. ಇಷ್ಟನ್ನು ಕಲಿಯಲು ಇನ್ನೊಂದು ಪ್ಲೇಗು ಬರಬೇಕಾಗಿಲ್ಲ.