ವಿದ್ಯುತ್ ಗುತ್ತಿಗೆದಾರರಾಗಬೇಕೆ?



ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಪಡೆಯುತ್ತಿರುವವರಾಗಲಿ, ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ವಿಭಾಗದ ಡಿಪ್ಲೊಮಾ ಓದುತ್ತಿರುವವರಾಗಲಿ, ಒಂದಲ್ಲ ಒಂದು ದಿನ ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ. ಮತ್ತೊಬ್ಬರ ಕೈಕೆಳಗೆ ದಿನಗೂಲಿಗೆ ದುಡಿಯುವ ಬದಲು ನಾನೇ ಗುತ್ತಿಗೆ ಹಿಡಿದರೆ ಹೇಗೆ? ಪ್ರಶ್ನೆ ಸಹಜವಾದುದೇ. ಊರೂರಿನಲ್ಲಿ ಮನೆಗಳು ಏಳುತ್ತಿವೆ, ತೋಟಗಳಲ್ಲಿ ಪಂಪ್‌ಸೆಟ್‌ಗಳು ಕೂರುತ್ತಿವೆ, ಛಾವಣಿಗಳ ಮೇಲೆ ಸೌರಫಲಕಗಳು ಕಾಣಿಸಿಕೊಳ್ಳುತ್ತಿವೆ. ಕೆಲಸಕ್ಕೆ ಕೊರತೆಯಿಲ್ಲ. ಇಕ್ಕಳ, ಟೆಸ್ಟರ್, ಒಂದು ದ್ವಿಚಕ್ರ ವಾಹನ ಇದ್ದರೆ ಸಾಕೆಂದು ತೋರುವುದೂ ಸಹಜ.

ಆದರೆ ಗುತ್ತಿಗೆದಾರನಾದವನು ಮಾರುವುದು ಏನನ್ನು ಎಂದು ಮೊದಲು ಯೋಚಿಸಿ. ತಂತಿ, ಸ್ವಿಚ್ಚು, ಬೋರ್ಡುಗಳನ್ನು ಅಂಗಡಿಯವನೇ ಮಾರುತ್ತಾನೆ. ತಂತಿ ಎಳೆಯುವ ಕೆಲಸವನ್ನು ವೈರ್‌ಮನ್ ಮಾಡುತ್ತಾನೆ. ಗುತ್ತಿಗೆದಾರ ಕೊಡುವುದು ತನ್ನ ಸಹಿಯನ್ನು. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕೆಂದು ಅರ್ಜಿ ಹಾಕುವಾಗ ವೈರಿಂಗ್ ನಕ್ಷೆಯ ಜೊತೆಗೆ ಕೆಲಸ ಪೂರ್ಣಗೊಂಡ ವರದಿಯನ್ನು ಲಗತ್ತಿಸಬೇಕಷ್ಟೆ? ಈ ಮನೆಯ ವಿದ್ಯುತ್ ವ್ಯವಸ್ಥೆ ನಿಯಮದಂತಿದೆ, ಪರೀಕ್ಷಿಸಿದ್ದೇನೆ, ಇಲ್ಲಿ ಜನ ವಾಸಿಸಬಹುದು ಎಂಬ ಭರವಸೆ ಆ ಕಾಗದದಲ್ಲಿದೆ. ಅದರ ಕೆಳಗೆ ಹೆಸರು ಬರೆಯುವವನು ಗುತ್ತಿಗೆದಾರ. ಸ್ನಾನದ ಮನೆಯ ಗೀಸರ್ ಮುಟ್ಟಿ ಯಾರಿಗಾದರೂ ಅಪಘಾತವಾದರೆ ತನಿಖೆಗೆ ಬರುವ ಅಧಿಕಾರಿ ಮೊದಲು ಹುಡುಕುವುದೂ ಆ ಹೆಸರನ್ನೇ.

ಕಾನೂನು ಹೇಳುವುದೇನು?

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯ ನಿಯಮವೆಂದರೆ ಈ ವೃತ್ತಿಯವರಿಗೆಲ್ಲ ಬಾಯಿಪಾಠವಾಗಿತ್ತು. ಆ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು ಬಂದವು. 2023ರಲ್ಲಿ ಅವೂ ಪರಿಷ್ಕೃತಗೊಂಡವು. ಸಂಖ್ಯೆಗಳು ಬದಲಾದರೂ ತಿರುಳು ಅದೇ ಇದೆ. ವಿದ್ಯುತ್ ಅಳವಡಿಕೆಯ ಕೆಲಸಕ್ಕೆ ಮೂವರು ಬೇಕು. ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರ, ಅರ್ಹತಾ ಪತ್ರವಿರುವ ಮೇಲ್ವಿಚಾರಕ, ಪರ್ಮಿಟ್ ಇರುವ ಕೆಲಸಗಾರ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಜಾಗದಲ್ಲೇ ಬದಲಿಸುವುದಕ್ಕೆ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿಯಿದೆ. ಹೊಸದಾಗಿ ಒಂದು ಪವರ್ ಪಾಯಿಂಟ್ ಸೇರಿಸಿದಿರೆಂದರೆ ವಿನಾಯಿತಿಯ ಗಡಿ ದಾಟಿದಿರಿ ಎಂದರ್ಥ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ಕೆ.ಇ.ಬಿ.ಯವರು’ ಎನ್ನುವುದು ರೂಢಿ. ವಿದ್ಯುಚ್ಛಕ್ತಿ ಮಂಡಳಿಯ ಕೆಲಸ 1999ರಲ್ಲಿ ಕೆ.ಪಿ.ಟಿ.ಸಿ.ಎಲ್.ಗೆ ಹೋಯಿತು, 2002ರಲ್ಲಿ ವಿತರಣೆಯ ಹೊಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೂ ಮುಂದೆ ಮೈಸೂರು ಭಾಗದಲ್ಲಿ ಚಾಮುಂಡೇಶ್ವರಿ ನಿಗಮಕ್ಕೂ ಬಂತು. ಗುತ್ತಿಗೆದಾರನ ಲೈಸೆನ್ಸ್ ಕೊಡುವವರು ಇವರಾರೂ ಅಲ್ಲ. ಅದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ. ಅದರ ಮುಖ್ಯಸ್ಥರು ಮುಖ್ಯ ವಿದ್ಯುತ್ ಪರಿವೀಕ್ಷಕರು. ವೈರ್‌ಮನ್ ಪರ್ಮಿಟ್, ಮೇಲ್ವಿಚಾರಕರ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಮೂರಕ್ಕೂ ಅಲ್ಲಿಗೇ ಅರ್ಜಿ. ಲೈಸೆನ್ಸ್‌ನಲ್ಲಿ ದರ್ಜೆಗಳಿವೆ; ಪ್ರಥಮ ದರ್ಜೆ, ಸೂಪರ್ ಗ್ರೇಡ್ ಎಂಬ ಮಾತುಗಳನ್ನು ಟೆಂಡರ್ ಪ್ರಕಟಣೆಗಳಲ್ಲಿ ನೀವು ಓದಿರುತ್ತೀರಿ. ದರ್ಜೆ ಮೇಲೇರಿದಂತೆ ದೊಡ್ಡ ಕೆಲಸಗಳ ಬಾಗಿಲು ತೆರೆಯುತ್ತದೆ. ಪರ್ಮಿಟ್ ಇರುವ ಸಿಬ್ಬಂದಿ ಮತ್ತು ಪರೀಕ್ಷಾ ಉಪಕರಣಗಳು ನಿಮ್ಮಲ್ಲಿವೆಯೆಂದು ತೋರಿಸಬೇಕಾಗುತ್ತದೆ. ಶುಲ್ಕ ಮತ್ತು ಅನುಭವದ ಅವಧಿಯ ವಿವರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಹಾಕುವ ಮುನ್ನ ನಿಮ್ಮ ಜಿಲ್ಲೆಯ ಪರಿವೀಕ್ಷಣಾಲಯದ ಕಚೇರಿಯಲ್ಲೇ ಕೇಳಿ ತಿಳಿಯಿರಿ. ಹೆಣ್ಣುಮಕ್ಕಳು ಈ ಕಡೆ ಬರುವುದು ಇನ್ನೂ ಅಪರೂಪ. ಪರ್ಮಿಟ್‌ಗೆ ಮಾತ್ರ ಗಂಡು ಹೆಣ್ಣೆಂಬ ಭೇದವಿಲ್ಲ.

ಲೈಸೆನ್ಸ್ ಸಿಗುವುದು ತಡವಾಗುತ್ತದೆಂದು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಕೆಲಸ ಇವರದು, ಸಹಿ ಲೈಸೆನ್ಸ್ ಇರುವ ಮತ್ತೊಬ್ಬರದು. ಸಹಿ ಹಾಕಿದವರು ಆ ಮನೆಯನ್ನು ಕಣ್ಣಿಂದಲೂ ಕಂಡಿರುವುದಿಲ್ಲ. ಸಹಿಗಿಷ್ಟು ಎಂದು ಹಣ ಪಡೆದಿರುತ್ತಾರೆ. ಈ ವೃತ್ತಿಗೆ ಅಂಟಿರುವ ಹಳೆಯ ರೋಗವಿದು. ಹೊಸಬರಿಗೆ ಇದರಿಂದಾಗುವ ನಷ್ಟ ಎರಡು ಬಗೆಯದು. ನೀವು ಮಾಡಿದ ಕೆಲಸ ನಿಮ್ಮ ಹೆಸರಿನ ಅನುಭವವಾಗಿ ದಾಖಲಾಗುವುದಿಲ್ಲ. ಮೇಲಾಗಿ ಅವಘಡವಾದಾಗ ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದ ಅಪರಾಧಿ ನೀವಾಗುತ್ತೀರಿ.

ಸಹಿಯ ಹಿಂದೆ ಇರಬೇಕಾದ ಜ್ಞಾನ

ಹಾಗಾದರೆ ಸಹಿ ಹಾಕುವ ಮುನ್ನ ಗುತ್ತಿಗೆದಾರ ಏನನ್ನು ತಿಳಿದಿರಬೇಕು? ಎಲ್ಲವನ್ನೂ ಇಲ್ಲಿ ಹೇಳಲಾಗದು. ಒಂದೆರಡು ಸಂಗತಿಗಳನ್ನು ನೋಡೋಣ.

ಎಂ.ಸಿ.ಬಿ. ಇರುವುದು ತಂತಿಯ ರಕ್ಷಣೆಗೆ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ 16 ಆಂಪಿಯರ್ ಎಂ.ಸಿ.ಬಿ. ಹಾಕಿದ್ದೀರಿ ಎಂದಿಟ್ಟುಕೊಳ್ಳಿ. 2,000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಯಾವ ತೊಂದರೆಯೂ ಇಲ್ಲ. ಮುಂದೆ ಮನೆಯವರು ಅದೇ ಸರ್ಕೀಟಿಗೆ ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಎಲ್ಲವನ್ನೂ ಸೇರಿಸುತ್ತಾರೆ. ಎಂ.ಸಿ.ಬಿ. ಬೀಳತೊಡಗುತ್ತದೆ. ಆಗ ಯಾರೋ ಬಂದು 16ನ್ನು ಕಿತ್ತು 32 ಆಂಪಿಯರ್‌ನದನ್ನು ಹಾಕಿ, ‘ಇನ್ನು ಬೀಳುವುದಿಲ್ಲ’ ಎಂದು ಹೇಳಿ ಹಣ ತೆಗೆದುಕೊಂಡು ಹೋಗುತ್ತಾರೆ. ಅದು ಬೀಳುವುದಿಲ್ಲ, ನಿಜ. ಗೋಡೆಯೊಳಗಿನ ತಂತಿ ಕಾದು ಅದರ ನಿರೋಧಕ ಹೊದಿಕೆ ಕರಗುವವರೆಗೂ ಬೀಳುವುದಿಲ್ಲ.

ಇನ್ನು ಆರ್.ಸಿ.ಸಿ.ಬಿ. ಮನುಷ್ಯನ ದೇಹದ ಮೂಲಕ ಭೂಮಿಗೆ ಹರಿಯುವ ಕೆಲವೇ ಹತ್ತು ಮಿಲಿಆಂಪಿಯರ್ ವಿದ್ಯುತ್ ಹೃದಯದ ಬಡಿತವನ್ನು ಕೆಡಿಸಬಲ್ಲದು. 16 ಆಂಪಿಯರ್ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಇಲ್ಲ. 30 ಮಿಲಿಆಂಪಿಯರ್‌ಗೆ ಹೋಲಿಸಿದರೆ ಅದರ ಮಿತಿ ಐನೂರು ಪಟ್ಟಿಗಿಂತ ಹೆಚ್ಚು. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್ಲಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿತೇ ಎಂದು ತೂಗಿ ನೋಡುವ ಉಪಕರಣವೇ ಆರ್.ಸಿ.ಸಿ.ಬಿ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಸಂಪರ್ಕ ಕಡಿಯುತ್ತದೆ. ಮನೆ ಕಟ್ಟುವವರು ಹಣ ಉಳಿಸಲು ಮೊದಲು ಕೈಬಿಡುವ ವಸ್ತು ಇದೇ. ಇದು ಬೇಡವೆಂದರೆ ನನ್ನ ಸಹಿಯೂ ಇಲ್ಲ ಎನ್ನುವ ಧೈರ್ಯ ಗುತ್ತಿಗೆದಾರನಿಗೆ ಇರಬೇಕು. ಹತ್ತರಲ್ಲಿ ಒಬ್ಬ ಗಿರಾಕಿ ತಪ್ಪಿಹೋದಾನು, ಹೋಗಲಿ.

ಭೂಸಂಪರ್ಕದ ಮಾತೂ ಹೀಗೆಯೇ. ಎರಡೂವರೆ ಮೀಟರ್ ಕೊಳವೆಯನ್ನು ಹೂತು ಇದ್ದಿಲು, ಉಪ್ಪು ತುಂಬಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಒಣ, ಕಲ್ಲು ನೆಲದಲ್ಲಿ ಭೂರೋಧ ಹೆಚ್ಚು. ತೇವದ ಮಣ್ಣಿನಲ್ಲಿ ಕಡಿಮೆ. ಅರ್ಥ್ ಟೆಸ್ಟರ್‌ನಿಂದ ಅಳೆದ ಮೇಲೆಯೇ ಅದು ಗೊತ್ತಾಗುವುದು. ತಂತಿಗಳ ನಿರೋಧಕತೆಯನ್ನೂ 500 ವೋಲ್ಟ್ ಮೆಗ್ಗರ್‌ನಿಂದ ಒಂದು ನಿಮಿಷ ಪರೀಕ್ಷಿಸಬೇಕು. ಅದು ಕನಿಷ್ಠ 1 ಮೆಗಓಮ್ ಇರಬೇಕೆಂದು ವಿನಿಯಮ ಹೇಳುತ್ತದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 732 ವೈರಿಂಗ್‌ಗೂ ಐ.ಎಸ್. 3043 ಭೂಸಂಪರ್ಕಕ್ಕೂ ಆಧಾರಗ್ರಂಥಗಳು. ಪರೀಕ್ಷೆ ಮುಗಿದ ಮೇಲೂ ಇವೆರಡನ್ನು ಅಟ್ಟಕ್ಕೆ ಏರಿಸಬೇಡಿ.

ಲೆಕ್ಕ ತಪ್ಪುವುದು ಎಲ್ಲಿ?

ಕೈಕೆಲಸ ಚೆನ್ನಾಗಿ ಬಲ್ಲ ಅನೇಕ ತರುಣರು ಒಂದೆರಡು ವರ್ಷಗಳಲ್ಲೇ ಗುತ್ತಿಗೆ ಬಿಟ್ಟು ಮತ್ತೆ ಕೂಲಿಗೆ ಹೋಗುವುದನ್ನು ನೋಡುತ್ತೇವೆ. ಅವರನ್ನು ಕೆಡಿಸಿದ್ದು ಹೆಚ್ಚಾಗಿ ಲೆಕ್ಕ. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ದರಗಳು ಊರಿಂದ ಊರಿಗೆ ಬೇರೆಯಾದ್ದರಿಂದ ಅಂಕಿಗಳಿಗಿಂತ ಲೆಕ್ಕದ ದಾರಿಯನ್ನು ಗಮನಿಸಿ.

ಎರಡು ಕೋಣೆಗಳ ಮನೆಯೊಂದನ್ನು ಸಾಮಗ್ರಿ ಸಹಿತ 1,80,000 ರೂಪಾಯಿಗೆ ಒಪ್ಪಿಕೊಂಡಿರಿ. ಸಾಮಗ್ರಿಗೆ 1,10,000. ಇಬ್ಬರು ವೈರ್‌ಮನ್‌ಗಳಿಗೆ ದಿನಕ್ಕೆ 900ರಂತೆ 22 ದಿನಕ್ಕೆ 39,600. ಸಹಾಯಕನಿಗೆ 600ರಂತೆ 13,200. ಸಾಗಣೆ, ಕಟರ್ ಬ್ಲೇಡು, ಚಹಾ ತಿಂಡಿ ಎಲ್ಲ ಸೇರಿ 5,000. ಒಟ್ಟು 1,67,800. ಉಳಿಯುವುದು 12,200 ರೂಪಾಯಿ. ಲಾಭವೆಂದು ಹಿಗ್ಗುತ್ತೀರಿ.

ಆದರೆ ಮನೆಯ ವೈರಿಂಗ್ 22 ದಿನಗಳಲ್ಲಿ ಒಂದೇ ಬೀಸಿಗೆ ಮುಗಿಯುವುದಿಲ್ಲ. ತಾರಸಿಗೆ ಕಾಂಕ್ರೀಟ್ ಹಾಕುವ ಮುನ್ನ ಕೊಳವೆ ಮತ್ತು ಫ್ಯಾನ್ ಬಾಕ್ಸ್ ಕೂರಿಸಬೇಕು. ಗೋಡೆ ಎದ್ದ ಮೇಲೆ ಕೊರೆಯಬೇಕು. ಗಾರೆ ಆದ ಮೇಲೆ ತಂತಿ ಎಳೆಯಬೇಕು. ಬಣ್ಣ ಮುಗಿಯುವ ಹೊತ್ತಿಗೆ ಸ್ವಿಚ್ಚು ಜೋಡಿಸಬೇಕು. ಇದಕ್ಕೆ ಏಳೆಂಟು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ತಾಮ್ರದ ಬೆಲೆ ಏರಿ ಸಾಮಗ್ರಿ ಶೇಕಡ 8ರಷ್ಟು ತುಟ್ಟಿಯಾಯಿತೆನ್ನಿ. 8,800 ಹೋಯಿತು, ಉಳಿದದ್ದು 3,400. ‘ಗೃಹಪ್ರವೇಶ ಆಗಲಿ, ಕೊಡೋಣ’ ಎಂದು ಮನೆಯವರು ಕೊನೆಯ ಶೇಕಡ 10, ಅಂದರೆ 18,000 ರೂಪಾಯಿ ಹಿಡಿದುಕೊಂಡರು. ಈಗ ನಿಮ್ಮ ಜೇಬಿನಿಂದಲೇ 14,600 ಹೊರಗೆ ಹೋಗಿದೆ. ಎಂಟು ತಿಂಗಳು ಓಡಾಡಿದ ನಿಮ್ಮ ಸ್ವಂತ ಕೂಲಿ ಈ ಪಟ್ಟಿಯಲ್ಲಿ ಎಲ್ಲಿದೆ? ಅದನ್ನು ಬರೆದೇ ಇಲ್ಲ!

ಇಂಥ ಮೂರು ಮನೆಗಳು ಏಕಕಾಲಕ್ಕೆ ನಡೆಯುತ್ತಿದ್ದರೆ ಅಂಗಡಿಯ ಸಾಲ ತಲೆಗೇರುತ್ತದೆ. ಆಗಲೇ ಕೆಟ್ಟ ಯೋಚನೆ ಬರುವುದು. ಅಡುಗೆಮನೆಗೆ 2.5ರ ಬದಲು 1.5ರ ತಂತಿ ಎಳೆದರೆ ಯಾರಿಗೆ ಗೊತ್ತಾಗುತ್ತದೆ, ಎಂದು. ತಪ್ಪು ಲೆಕ್ಕ ತಪ್ಪು ತಂತಿಗೆ ದಾರಿ ಮಾಡುವುದು ಹೀಗೆ. ಆದುದರಿಂದ ದರಪಟ್ಟಿಯನ್ನು ಸರಿಯಾಗಿ ಬರೆಯುವುದು ಹಣದ ವಿಷಯವಾದಷ್ಟೇ ಸುರಕ್ಷತೆಯ ವಿಷಯವೂ ಹೌದು.

ದರಪಟ್ಟಿಯಲ್ಲಿ ಪ್ರತಿ ಪಾಯಿಂಟನ್ನೂ ಎಣಿಸಿ ಬರೆಯಿರಿ, ತಂತಿಯ ಅಳತೆ ಮತ್ತು ತಯಾರಿಕೆಯನ್ನು ಹೆಸರಿಸಿ, ಈ ದರ ಇಂತಿಷ್ಟು ದಿನಗಳವರೆಗೆ ಮಾತ್ರ ಎಂದು ಸ್ಪಷ್ಟಪಡಿಸಿ. ಹಣವನ್ನು ಹಂತಗಳಿಗೆ ಕಟ್ಟಿ: ಮುಂಗಡ, ತಾರಸಿ ಕೊಳವೆ, ತಂತಿ ಎಳೆತ, ಜೋಡಣೆ. ಕೊನೆಗೆ ಉಳಿಯುವ ಬಾಕಿ ನಿಮ್ಮ ಲಾಭಕ್ಕಿಂತ ದೊಡ್ಡದಾಗದಂತೆ ನೋಡಿಕೊಳ್ಳಿ. ಮೊದಲ ಒಂದೆರಡು ವರ್ಷ ಸಾಮಗ್ರಿಯನ್ನು ಮನೆಯವರೇ ತರಲೆಂದು ಕೂಲಿ ಗುತ್ತಿಗೆ ಮಾತ್ರ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಜಾಣತನ. ಲಾಭ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಬಂಡವಾಳ, ಕಾಗದಪತ್ರ

ಉದ್ಯಮ್ ನೋಂದಣಿ 2020ರಲ್ಲಿ ಆರಂಭವಾಯಿತು. ಅದು ಸಂಪೂರ್ಣ ಉಚಿತ. ಮಾಡಿಸಿಕೊಡುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಸಾಮಗ್ರಿ ಸಹಿತ ಗುತ್ತಿಗೆ ಜಿ.ಎಸ್.ಟಿ.ಯಲ್ಲಿ ಸೇವೆಯೆಂದೇ ಪರಿಗಣಿತವಾಗುವುದರಿಂದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಸಾಲಕ್ಕೆ 2015ರಲ್ಲಿ ಬಂದ ಮುದ್ರಾ ಯೋಜನೆಯಿದೆ. ಅದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ದೊರೆಯುತ್ತದೆ. ಮೆಗ್ಗರ್, ಅರ್ಥ್ ಟೆಸ್ಟರ್, ಟಾಂಗ್ ಟೆಸ್ಟರ್, ಕೊರೆಯುವ ಯಂತ್ರಗಳಿಗೆ ಸಾಲ ತೆಗೆಯುವುದರಲ್ಲಿ ಅರ್ಥವಿದೆ. ಗಿರಾಕಿಯ ಮನೆಗೆ ಹಾಕುವ ತಂತಿಗೆ ಸಾಲ ತೆಗೆಯುವುದು ಅಪಾಯ. ಮೊದಲ ಸಂಪಾದನೆಯಲ್ಲೇ ಕೆಲಸಗಾರರಿಗೆ ಅಪಘಾತ ವಿಮೆ ಮಾಡಿಸಿ; ಏಣಿಯ ಮೇಲೆ ನಿಲ್ಲುವವರು ಅವರು.

ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ ಕಲಿಯಬೇಕೆನ್ನುವವರಿಗೆ 1982ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿ ನಮ್ಮ ರಾಜ್ಯದ್ದೇ. ಅದೇ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಊಟ, ವಸತಿ ಸಹಿತ ತರಬೇತಿಗೆ ಶುಲ್ಕವಿಲ್ಲ.

ಕೆಲಸದ ಕ್ಷೇತ್ರ ಹೊಸ ಮನೆಗಳಿಗಷ್ಟೇ ಸೀಮಿತವಲ್ಲ. ಶಾಲೆ, ಛತ್ರ, ಅಪಾರ್ಟ್‌ಮೆಂಟುಗಳ ವಾರ್ಷಿಕ ನಿರ್ವಹಣೆ ಮಳೆಗಾಲದಲ್ಲೂ ಆದಾಯ ತರುತ್ತದೆ. 2024ರಲ್ಲಿ ಘೋಷಣೆಯಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಮತ್ತು ಹೆಚ್ಚಿನ ಸೌರ ಘಟಕಕ್ಕೆ ಮನೆಯವರಿಗೆ 78,000 ರೂಪಾಯಿ ಸಹಾಯಧನವಿದ್ದು, ಅದನ್ನು ಅಳವಡಿಸುವವರು ನೋಂದಾಯಿತರಾಗಿರಬೇಕು. 15 ಮೀಟರಿಗಿಂತ ಎತ್ತರದ ಕಟ್ಟಡಗಳ ಕಡೆಗೆ ಮಾತ್ರ ಆರಂಭದಲ್ಲೇ ಕೈಚಾಚಬೇಡಿ. ಅವಕ್ಕೆ ಪರಿವೀಕ್ಷಕರ ತಪಾಸಣೆ, ಬೇರೆಯದೇ ಸಿದ್ಧತೆ ಬೇಕು.

ಈಗಿನಿಂದಲೇ ಮಾಡಬಹುದಾದ ಕೆಲಸವೊಂದಿದೆ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿದ ಕೂಡಲೇ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರ ಬಳಿ ಸೇರಿ, ಅಪ್ರೆಂಟಿಸ್ ಅವಧಿಯ ಪ್ರಮಾಣಪತ್ರವನ್ನು ಜೋಪಾನ ಮಾಡಿ, ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಊರಿನಲ್ಲಿ, ಎಂಥ ಕಟ್ಟಡದಲ್ಲಿ, ಎಷ್ಟು ಪಾಯಿಂಟಿನ ಕೆಲಸ, ಮೆಗ್ಗರ್ ಎಷ್ಟು ತೋರಿಸಿತು, ಭೂರೋಧ ಎಷ್ಟಿತ್ತು ಎಂದು ದಿನಾಂಕ ಸಹಿತ ಬರೆದು, ತಿಂಗಳಿಗೊಮ್ಮೆ ಅವರ ಸಹಿ ಪಡೆಯಿರಿ. ಅನುಭವ ಪತ್ರ ಕೇಳುವ ದಿನ ಆ ನೋಟ್‌ಬುಕ್ ಮುಂದಿಟ್ಟರೆ ಅವರಿಗೆ ಬರೆದುಕೊಡುವುದು ಸುಲಭವಾಗುತ್ತದೆ.