ಗ್ರಾಮಸಭೆಯ ಠರಾವು: ಹಕ್ಕಿನ ಮೊದಲ ಮೆಟ್ಟಿಲು

ಅರ್ಜಿ ಕೊಟ್ಟು ಕಚೇರಿಯ ಬಾಗಿಲಲ್ಲಿ ಕಾಯುವುದಷ್ಟೇ ಪ್ರಜೆಯ ಪಾಲಿನ ಕೆಲಸವೆಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿದೆ. ಆದರೆ ಕೆಲವು ಕಾನೂನುಗಳಲ್ಲಿ ಕೆಲಸ ಮೊದಲಾಗುವುದು ಕಚೇರಿಯಲ್ಲಲ್ಲ, ಊರ ಜನರ ಸಭೆಯಲ್ಲಿ. ಜನ ಹೇಗೆ ಸೇರಬೇಕು, ಅಧಿಕಾರಿ ಯಾವಾಗ ಬರಬೇಕು, ಬಾರದಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ಕಾನೂನೇ ಗೊತ್ತುಪಡಿಸಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ಒಳ್ಳೆಯ ನಿದರ್ಶನ. ಚಾಮರಾಜನಗರ ಜಿಲ್ಲೆಯ ಸೋಲಿಗರು ಇದನ್ನು ಬಳಸಿಕೊಂಡ ರೀತಿ ಕಾಡಂಚಿನ ರೈತರೆಲ್ಲರೂ ತಿಳಿಯತಕ್ಕದ್ದು.

ಬಿಳಿಗಿರಿರಂಗನ ಬೆಟ್ಟದ ಅನುಭವ

ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿಂದ ಸೋಲಿಗರ ಬೇಟೆಯೂ ಕಾಡು ಕಡಿದು ಸುಟ್ಟು ಮಾಡುವ ಬೇಸಾಯವೂ ನಿಂತುಹೋದವು. ಕುಟುಂಬಗಳು ಪೋಡುಗಳಲ್ಲಿ ನೆಲೆಸಿ ರಾಗಿ ಮೊದಲಾದ ಬೆಳೆಗಳನ್ನು ಬೆಳೆಯುತ್ತ, ಹೆಜ್ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ ಸಂಗ್ರಹಿಸಿ ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಮಾರುತ್ತಿದ್ದವು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಧಾಮದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದೂ ನಿಂತಿತು. ತುಂಡು ಭೂಮಿಯ ಕುಟುಂಬಕ್ಕೆ ಕೈಕಾಸು ಬರುವ ದಾರಿಯೇ ಕಟ್ಟಿದಂತಾಯಿತು.

ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು 2008ರ ಜನವರಿಯಲ್ಲಿ ಜಾರಿಗೆ ಬಂದವು. ಪೋಡುಗಳಲ್ಲಿ ಗ್ರಾಮಸಭೆಗಳು ಸೇರಿದವು, ಅರ್ಜಿಗಳು ಸಿದ್ಧವಾದವು. 2011ರ ಜನವರಿಯಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಹೀಗಿದ್ದರೂ ಅದೇ ವರ್ಷ ಇಲ್ಲಿನ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಕಾಡೆಂಬ ಕಾರಣಕ್ಕೆ ಹಕ್ಕು ಅಳಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಹಳೆಯ ಪದ್ಧತಿಗೂ ಇದಕ್ಕೂ ಇರುವ ಭೇದ

ಕಾಡಿನ ವಿಷಯದಲ್ಲಿ ಜನರ ಸಹಕಾರ ಪಡೆಯುವ ಪ್ರಯತ್ನ ಮೊದಲೂ ಇತ್ತು. ಕರ್ನಾಟಕದಲ್ಲಿ 1993ರ ಸರ್ಕಾರಿ ಆದೇಶದಂತೆ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಅಲ್ಲಿ ಇಲಾಖೆ ಕರೆಯುತ್ತದೆ, ಜನ ಬರುತ್ತಾರೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಜನ ಕರೆಯುತ್ತಾರೆ, ಇಲಾಖೆ ಬರಬೇಕು. ಹಕ್ಕು ಯಾವುದು, ಎಷ್ಟು ಎಂದು ಗೊತ್ತುಮಾಡುವ ಕೆಲಸವನ್ನು ಆರಂಭಿಸುವ ಅಧಿಕಾರವನ್ನು ಕಾಯ್ದೆಯ 6ನೇ ಪ್ರಕರಣವು ಗ್ರಾಮಸಭೆಗೇ ಕೊಟ್ಟಿದೆ. ಇಲ್ಲಿ ಗ್ರಾಮಸಭೆಯೆಂದರೆ ಆ ಊರಿನ ಅಥವಾ ಪೋಡಿನ ವಯಸ್ಕರೆಲ್ಲರ ಸಭೆ, ಪಂಚಾಯಿತಿ ಸದಸ್ಯರ ಸಭೆಯಲ್ಲ.

ಕೆಲಸ ನಡೆಯುವ ಕ್ರಮ

1. ಗ್ರಾಮಸಭೆ ಸೇರಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಮೂರರಲ್ಲಿ ಒಂದು ಪಾಲು ಮಹಿಳೆಯರಿರಬೇಕು. ಪರಿಶಿಷ್ಟ ಪಂಗಡದವರಿರುವ ಊರಿನಲ್ಲಿ ಮೂರರಲ್ಲಿ ಎರಡು ಪಾಲು ಅವರಿರಬೇಕು.

2. ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಹಾಜರಿ ಕಡಿಮೆಯಾದರೆ ಠರಾವು ಊರ್ಜಿತವಾಗದು. ಆದ್ದರಿಂದ ಸಹಿ ಮತ್ತು ಹೆಬ್ಬೆಟ್ಟುಗಳನ್ನು ಅಂದೇ ನಡವಳಿ ಪುಸ್ತಕದಲ್ಲಿ ಪಡೆಯಬೇಕು.

3. ಹಕ್ಕು ಕೇಳುವವರು ಅರ್ಜಿಯೊಂದಿಗೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಕೊಡಬೇಕು. ಪಡಿತರ ಚೀಟಿ, ಮನೆ ಕಂದಾಯದ ರಸೀದಿ, ಸರ್ಕಾರಿ ದಾಖಲೆಗಳಷ್ಟೇ ಸಾಕ್ಷ್ಯವಲ್ಲ. ಹಳೆಯ ಬದು, ಬಾವಿ, ಮಸಣ, ದೇವರ ನೆಲೆ, ಅರ್ಜಿದಾರರಲ್ಲದ ಹಿರಿಯರ ಬರೆಸಿಕೊಂಡ ಹೇಳಿಕೆ ಇವೂ ಸಾಕ್ಷ್ಯಗಳೇ. ಇಂಥದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ.

4. ಸಮಿತಿಯು ದಿನ ಗೊತ್ತುಮಾಡಿ ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ತಿಳಿಸಿ ಸ್ಥಳ ಪರಿಶೀಲನೆ ಮಾಡಬೇಕು. ಎರಡೂ ಇಲಾಖೆಯವರು ಹಾಜರಿದ್ದು, ಹುದ್ದೆ ಮತ್ತು ತಾರೀಖು ನಮೂದಿಸಿ ಸಹಿ ಮಾಡತಕ್ಕದ್ದು.

5. ಗ್ರಾಮಸಭೆಯ ಠರಾವು ಉಪವಿಭಾಗ ಮಟ್ಟದ ಸಮಿತಿಗೂ, ಅಲ್ಲಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೂ ಹೋಗುತ್ತದೆ. ಹಕ್ಕಿನ ಬಗ್ಗೆ ಜಿಲ್ಲಾ ಸಮಿತಿಯ ತೀರ್ಮಾನವೇ ಕೊನೆಯದು.

ಸ್ವೀಕೃತಿಯ ಬೆಲೆ

ನಾಲ್ಕನೆಯ ಹಂತದಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಅಧಿಕಾರಿಗಳು ಬಾರದೆ ಇದ್ದು, ಆಮೇಲೆ ನಾವು ಸ್ಥಳದಲ್ಲಿರಲಿಲ್ಲವೆಂದು ಆಕ್ಷೇಪಿಸಬಹುದು. ಇಂಥ ಸಂದರ್ಭಕ್ಕೆ 2012ರ ತಿದ್ದುಪಡಿ ನಿಯಮಗಳು ದಾರಿ ತೋರಿಸಿವೆ. ಪರಿಶೀಲನೆಯ ದಿನವನ್ನು ತಿಳಿಸಿದ ಪತ್ರ ಇಲಾಖೆಗೆ ಮುಟ್ಟಿದೆಯೆಂದು ರುಜುವಾತಾದರೆ ಮತ್ತೊಮ್ಮೆ ಪರಿಶೀಲನೆ ನಡೆಯುತ್ತದೆ. ಎರಡನೆಯ ಸಲವೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಪತ್ರ ಮುಟ್ಟಿದ್ದಕ್ಕೆ ಪಡೆದ ಸ್ವೀಕೃತಿ ಇಲ್ಲದಿದ್ದರೆ ಈ ರಕ್ಷಣೆ ಕೈಗೆ ಸಿಗದು. ಬಾಯಿಮಾತಿನಲ್ಲಿ ತಿಳಿಸಿದ್ದು ಕಡತಕ್ಕೆ ಸೇರುವುದಿಲ್ಲ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಅರ್ಜಿದಾರರಿಗೆ ತಿಳಿಸಬೇಕು. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೂ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೂ 60 ದಿನಗಳೊಳಗೆ ಮನವಿ ಸಲ್ಲಿಸಬಹುದು. ಉಪಗ್ರಹ ಚಿತ್ರವನ್ನು ಇತರ ಸಾಕ್ಷ್ಯಕ್ಕೆ ಪೂರಕವಾಗಿ ಬಳಸಬಹುದೇ ಹೊರತು ಅದರ ಬದಲಿಗೆ ಅಲ್ಲ.

ಹಕ್ಕಿನೊಂದಿಗೆ ಹೊಣೆ

ಸಹಯೋಗವೆಂದರೆ ಪಡೆಯುವುದಷ್ಟೇ ಅಲ್ಲ. ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಪಾಡುವ ಅಧಿಕಾರ ಮತ್ತು ಹೊಣೆಯನ್ನು 5ನೇ ಪ್ರಕರಣವು ಗ್ರಾಮಸಭೆಯ ಮೇಲಿಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನದ ಪೊದೆ ಕಾಡನ್ನೆಲ್ಲ ಆವರಿಸಿದೆ. ನೆಲ್ಲಿಮರಗಳಿಗೆ ಬದನಿಕೆ ಹತ್ತಿ ಫಸಲು ಕುಗ್ಗುತ್ತಿದೆ. ಬದನಿಕೆಯನ್ನು ಕಡಿದು ಹಾಕುವುದು, ಹಕ್ಕಿಗಳಿಗೂ ಮುಂದಿನ ಸಸಿಗೂ ಕಾಯಿ ಉಳಿಸಿ ಕೊಯ್ಯುವುದು, ಹುಟ್ಟಿನಲ್ಲಿ ಒಂದಿಷ್ಟು ಬಿಟ್ಟು ಜೇನು ತೆಗೆಯುವುದು ಇವು ಸಂಗ್ರಹಿಸುವ ಜನರ ಕೈಯಿಂದಲೇ ಆಗಬೇಕಾದ ಕೆಲಸಗಳು. ಗ್ರಾಮಸಭೆಯ ಸಂರಕ್ಷಣಾ ಸಮಿತಿ ಇವನ್ನು ಯೋಜನೆಯಾಗಿ ಬರೆದರೆ ಇಲಾಖೆಯ ಕಾರ್ಯಯೋಜನೆಯೊಂದಿಗೆ ಅದು ಕೂಡಿಕೊಳ್ಳುತ್ತದೆ.

ಬಯಲಿನ ರೈತರಿಗೆ

ಅರಣ್ಯವಾಸಿಗಳಲ್ಲದ ಗುಂಡ್ಲುಪೇಟೆ, ಚಾಮರಾಜನಗರದ ಬಯಲಿನ ರೈತರಿಗೂ ಈ ಪಾಠ ಅನ್ವಯಿಸುತ್ತದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಯಾವ ಕೆಲಸ ಮೊದಲು ಆಗಬೇಕು, ಫಲಾನುಭವಿಗಳು ಯಾರು ಎಂಬುದು ಅಲ್ಲಿ ಚರ್ಚೆಗೆ ಬರತಕ್ಕ ವಿಷಯ. ಕೆರೆಯ ಹೂಳು, ಹೊಲದ ದಾರಿ, ದನಗಳ ಕುಡಿಯುವ ನೀರು ಇವನ್ನು ಅಲ್ಲಿಯೇ ಎತ್ತಿ ನಡವಳಿಯಲ್ಲಿ ಬರೆಸಬೇಕು. ಸಭೆಗೆ ಹೋಗದೆ ಮನೆಯ ಜಗಲಿಯಲ್ಲಿ ಆಡಿದ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನಡವಳಿಯ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ವಿಸ್ತರಣಾ ಕಾರ್ಯಕರ್ತರು ಬೀಜ, ಗೊಬ್ಬರದ ಮಾತಿನೊಂದಿಗೆ ಸಭೆಯ ದಿನವನ್ನೂ ಊರಿಗೆ ನೆನಪಿಸುವುದು ಒಳ್ಳೆಯದು. ಓದು ಬರಹ ಬಲ್ಲ ಒಬ್ಬ ಯುವಕನೋ ಯುವತಿಯೋ ನಡವಳಿ ಪುಸ್ತಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದ ಬಳಿಕವೇ ಉಳಿದವರು ಸಹಿ ಹಾಕಲಿ. ಪೋಡಿನವರಿಗೆ ಹಕ್ಕುಪತ್ರ ಬಂದದ್ದು ಹೀಗೆ ಸಭೆ ಸೇರಿ ಬರೆದ ಠರಾವಿನಿಂದಲೇ.